ತೂಕದ ಮನುಷ್ಯರು

ಮದುವೆಗೂ ಮಸಣಕ್ಕೂ ಒಂದೇ ಕೈಚೀಲ ಹಿಡಿದು ಹೊರಡುತ್ತ, ಮೂವತ್ತು ವರ್ಷಗಳ ಕಾಲ ಪರರ ಜಮಾಖರ್ಚುಗಳನ್ನು ತಿದ್ದುವುದರಲ್ಲೇ ಪರಮಸುಖವನ್ನು ಕಂಡಿದ್ದ ನಮ್ಮ ನೆರೆಮನೆಯ ರಾಯರಿಗೆ, ನಿವೃತ್ತಿಯ ಮರುವರ್ಷವೇ ಎವರೆಸ್ಟಿನ ಬೇಸ್‌ಕ್ಯಾಂಪಿನವರೆಗೆ ನಡೆದುಹೋಗಿ ಬರಬೇಕೆಂಬ ಉತ್ಕಟೇಚ್ಛೆ ಯಾತಕ್ಕೆ ಉಂಟಾಯಿತೆಂಬುದು ಮೈಸೂರಿನ ನಮ್ಮ ಬೀದಿಗೆಲ್ಲ ಒಂದು ಒಗಟು. ನನಗೊಂದು ಗುಮಾನಿಯುಂಟು. ಕಠ್ಮಂಡುವಿನಿಂದ ಲುಕ್ಲಾಕ್ಕೆ ಹಾರುವ ಪುಟ್ಟ ವಿಮಾನದಲ್ಲಿ ತಲೆಗೆ 15 ಕಿಲೋಗಿಂತ ಹೆಚ್ಚು ಸಾಮಾನು ಒಯ್ಯುವಂತಿಲ್ಲವೆಂದು ಎಲ್ಲಿಯೋ ಓದಿದ ಕ್ಷಣದಲ್ಲೇ ಅವರು ಹಿಮಾಲಯಕ್ಕೆ ಮನಸೋತಿರಬೇಕು. 15 ಎಂಬ ಅಂಕಿಯ ಕೆಳಗೆ ಗೆರೆಯೆಳೆದು, ಅದಕ್ಕೆ ತಾಳೆಯಾಗುವಂತೆ ಬಾಬುಗಳನ್ನು ತುಂಬುವ ಭಾಗ್ಯ ಲೆಕ್ಕಿಗನಾದವನಿಗೆ ಬೇರಾವ ತೀರ್ಥಕ್ಷೇತ್ರದಲ್ಲಿ ದೊರೆತೀತು?

ಎರಡು ತಿಂಗಳಿಂದ ಅವರ ಹಜಾರದ ಉಯ್ಯಾಲೆ ಮೂಲೆ ಸೇರಿ, ಅದರ ಕೊಂಡಿಯಲ್ಲಿ ಸ್ಪ್ರಿಂಗ್ ತಕ್ಕಡಿಯೊಂದು ನೇತಾಡುತ್ತಿತ್ತು. ಉಣ್ಣೆಯ ಕಾಲುಚೀಲದಿಂದ ಮಂಕಿ ಕ್ಯಾಪಿನವರೆಗೆ ಪ್ರತಿಯೊಂದು ವಸ್ತುವೂ ಅಲ್ಲಿ ತೂಗಿಸಿಕೊಂಡು, ಕೆಂಪುರಟ್ಟಿನ ಲೆಡ್ಜರಿನಲ್ಲಿ ದಾಖಲಾಗಿಯೇ ಚೀಲವನ್ನು ಪ್ರವೇಶಿಸಬೇಕು. ಹತ್ತಿಯ ಬಟ್ಟೆ ಬೆವರನ್ನು ಹೀರಿ, ಒಣಗದೆ ಉಳಿದು, ಮೈಗೆ ಚಳಿ ಹತ್ತಿಸುತ್ತದೆಂದು ತಿಳಿದ ದಿನವೇ ಬನಿಯನ್ನು ಪಂಚೆಗಳಿಗೆ ಬಹಿಷ್ಕಾರವಾಯಿತು. ಮಗುಟ ಮಾತ್ರ, ರೇಷ್ಮೆಯದಾದ್ದರಿಂದ, ಶಾಸ್ತ್ರಕ್ಕೂ ವಿಜ್ಞಾನಕ್ಕೂ ಸಮ್ಮತವೆಂದು ಒಳಗೆ ಸೇರಿತು. ಅಭ್ಯಾಸಕ್ಕೆಂದು ಸೋನಾಮಸೂರಿಯ ಮೂಟೆ ಬೆನ್ನಿಗೇರಿಸಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ದೂ ಉಂಟು: ನಂದಿಯವರೆಗೆ ಹೋದೆನೆಂದು ಅವರು, ಬುಡದಲ್ಲೇ ಎಳನೀರು ಕುಡಿಯುತ್ತ ಕುಳಿತಿದ್ದರೆಂದು ನಮ್ಮ ಹಾಲಿನವನು.

ಆದರೆ ಕುಕ್ಕರಿನ ಪ್ರಕರಣವನ್ನು ಹೇಳದೆ ರಾಯರ ಚಿತ್ರ ಪೂರ್ಣವಾಗದು. 5,364 ಮೀಟರ್ ಎತ್ತರದ ಆ ಬೇಸ್‌ಕ್ಯಾಂಪಿನಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಕ್ಕೆ ಇಳಿಯುವುದರಿಂದ ನೀರು 83 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ, ಬರಿಯ ಪಾತ್ರೆಯಲ್ಲಿ ಬೇಳೆ ಬೇಯುವುದು ದುಸ್ತರ ಎಂದರಿತ ಅವರು, ಮನೆಯ ಕುಕ್ಕರನ್ನೇ ಕೊಂಡಿಗೆ ತೂಗಹಾಕಿದರು.

"ದಾರಿ ಉದ್ದಕ್ಕೂ ಅನ್ನ ಬೇಳೆಸಾರು ಹಾಕ್ತಾರೆ ಅಂತ ನೀವೇ ಅಲ್ವೇಂದ್ರೆ ಓದಿ ಹೇಳಿದ್ದು?" ಎಂದರು ಅವರ ಮನೆಯಾಕೆ.

"ಹಾಕ್ತಾರೆ ಕಣೇ. ನಮ್ಮ ಸಾರು ಹಾಕ್ತಾರೆಯೇ?"

"ನೀವು ಕುಕ್ಕರ್ ಹೊತ್ಕೊಂಡು ಹೋದ್ರೆ ನಾನಿಲ್ಲಿ ಯಾತರಲ್ಲಿ ಬೇಯಿಸ್ಲಿ?"

ಕುಕ್ಕರು ಒಲೆಗೆ ಹಿಂತಿರುಗಿತು. ತೆರವಾದ ತೂಕಕ್ಕೆ ಚಟ್ನಿಪುಡಿ, ಗೊಜ್ಜವಲಕ್ಕಿ, ಕೋಡುಬಳೆಗಳು ಗಾಳಿಯಾಡದ ಪೊಟ್ಟಣಗಳಲ್ಲಿ ಬಂದು ನೆಲಸಿದವು. ಮೇಲೇರಿದಂತೆಲ್ಲ ಹೊರಗಿನ ಒತ್ತಡ ತಗ್ಗಿ ಅಂಥ ಪೊಟ್ಟಣಗಳು ದಿಂಬಿನಂತೆ ಉಬ್ಬಿಕೊಳ್ಳುವುವೆಂದು ನಾನು ಎಚ್ಚರಿಸಿದೆ.

"ಉಬ್ಬಲಿ ಬಿಡಿ. ತೂಕವೇನೂ ಹೆಚ್ಚುವುದಿಲ್ಲವಷ್ಟೆ?"

1953ರಲ್ಲಿ ಹಿಲರಿ, ತೇನ್‌ಸಿಂಗರನ್ನು ಶಿಖರಕ್ಕೆ ಮುಟ್ಟಿಸಿದ ತಂಡದ ಸಾಮಾನನ್ನು 350ಕ್ಕೂ ಮಿಕ್ಕ ಹೊರೆಯಾಳುಗಳು ಹೊತ್ತಿದ್ದರೆಂಬ ಸಂಗತಿ ಕಿವಿಗೆ ಬಿದ್ದಂದಿನಿಂದ ಆ ಮಹಾಸಾಹಸದ ವಿಷಯದಲ್ಲಿ ಅವರಿಗೆ ಗೌರವ ಸ್ವಲ್ಪ ಇಳಿದಿದೆ.

ಹೊರಡುವ ಹಿಂದಿನ ರಾತ್ರಿ ಹತ್ತು ಗಂಟೆಗೆ ಗೇಟಿನ ಸದ್ದಾಯಿತು. ಮೈಮೇಲಿದ್ದುದು ಲೆಕ್ಕಕ್ಕೆ ಬಾರದೆಂಬ ನಂಬಿಕೆಯಿಂದ ತುಪ್ಪುಳದ ಜಾಕೀಟನ್ನು ಆಗಲೇ ತೊಟ್ಟು, ಬೆವರು ಸುರಿಸುತ್ತ ರಾಯರು ನಿಂತಿದ್ದರು. ಚೀಲ 14 ಕಿಲೋ 800 ಗ್ರಾಂ ತೂಗಿತ್ತಂತೆ. ಪರದೇಶದ ತಕ್ಕಡಿಯನ್ನು ನಂಬುವುದು ಹೇಗೆ? ಆದ್ದರಿಂದ ತಮ್ಮದನ್ನೂ ಜೊತೆಗೆ ಒಯ್ಯುವುದೆಂದು ನಿಶ್ಚಯಿಸಿದ್ದರು. ಆದರೆ ತನ್ನನ್ನು ತಾನೇ ತೂಗಿಕೊಳ್ಳುವ ವಿದ್ಯೆ ಆ ತಕ್ಕಡಿಗೆ ಇರಲಿಲ್ಲ.

ನಮ್ಮ ಅಡಿಗೆಮನೆಯ ತಕ್ಕಡಿಯಲ್ಲಿ ಅದು 220 ಗ್ರಾಂ ಬಂತು. ರಾಯರು ಬಹಳ ಹೊತ್ತು ಮಾತಾಡಲಿಲ್ಲ. ಸರಸರನೆ ಮನೆಗೆ ಹೋಗಿ ಬಂದವರು ಎರಡು ಕೋಡುಬಳೆಗಳನ್ನು ತೂಗಿ, 20 ಗ್ರಾಂ ಆಯಿತೆಂದು ಖಚಿತಪಡಿಸಿಕೊಂಡು, ನನ್ನ ಅಂಗೈಯಲ್ಲಿಟ್ಟರು.

"ನಿಮ್ಮಲ್ಲಿರಲಿ," ಎಂದರು. "ಬಂದಮೇಲೆ ಇಸಿದುಕೊಳ್ಳುತ್ತೇನೆ."