ಹಿಂಬಡ್ತಿ ಮೀಮಾಂಸೆ: ದೇವನೂರು ಪ್ರತಿಯ ಸಟೀಕ ಪಾಠ

ಶಾಸ್ತ್ರಗ್ರಂಥಕ್ಕೆ ಮೊದಲು ಇಷ್ಟದೇವತಾ ಸ್ತುತಿ ಆಗಬೇಕು. ಫುಟ್‌ಬಾಲಿಗೆ ಅಧಿದೇವತೆ ಯಾರೆಂದು ಯಾವ ಆಗಮವೂ ಹೇಳಿಲ್ಲವಾದ್ದರಿಂದ ಗ್ರಂಥಕರ್ತ ತನ್ನ ತಾಲ್ಲೂಕಿನ ದೇವರಿಗೇ ಕೈಮುಗಿದಿದ್ದಾನೆ. ನಂಜನಗೂಡಿನ ಶ್ರೀಕಂಠೇಶ್ವರ ಹಾಲಾಹಲವನ್ನು ಒಳಗೂ ಬಿಡದೆ ಹೊರಗೂ ಉಗುಳದೆ ಗಂಟಲಲ್ಲೇ ತಡೆದವನು. ಕೆಳಕ್ಕೆ ಜಾರುತ್ತಿರುವ ತಂಡದ ಅಭಿಮಾನಿಯ ಗಂಟಲೂ ಅದೇ ಸ್ಥಿತಿಯಲ್ಲಿರುತ್ತದೆ. ದೇವರು ಕುಡಿದದ್ದು ಒಂದೇ ಸಲ, ಅದಕ್ಕೆ ಇವತ್ತಿಗೂ ಐದು ತೇರು ಎಳೆಯುತ್ತಾರೆ. ಅಭಿಮಾನಿ ಒಂದು ಸೀಸನ್ನಿಗೆ 22 ಸಲ ಕುಡಿಯುತ್ತಾನೆ, ಅವನಿಗೆ ಬಸ್ ಚಾರ್ಜೂ ಹುಟ್ಟುವುದಿಲ್ಲ.

ಮಂಗಳದ ನಂತರ ಅನುಬಂಧ ಚತುಷ್ಟಯ. ವಿಷಯ: ಎಸ್‌ಸಿ ಬೆಂಗಳೂರು ಎಂಬ ಫುಟ್‌ಬಾಲ್ ತಂಡದ ಆರೋಹಣ ಮತ್ತು ಅವರೋಹಣ. ಇದು 2023-24ರಲ್ಲಿ ಐ-ಲೀಗ್ 2 ಎಂಬ ಮೂರನೇ ಮೆಟ್ಟಿಲಿನ ಸ್ಪರ್ಧೆಯನ್ನು ಗೆದ್ದು ಎರಡನೇ ಮೆಟ್ಟಿಲಾದ ಐ-ಲೀಗಿಗೆ ಏರಿತು. ಅಲ್ಲಿದ್ದವು 12 ತಂಡ, ಕೊನೆಯ ಎರಡು ಕೆಳಕ್ಕೆ. 2025ರ ಏಪ್ರಿಲ್‌ನಲ್ಲಿ ಸೀಸನ್ ಮುಗಿದಾಗ ಆ ಎರಡು, ಡೆಲ್ಲಿ ಎಫ್‌ಸಿ ಮತ್ತು ನಮ್ಮದು. ಹನ್ನೊಂದು ತಿಂಗಳ ಬಾಡಿಗೆ ಕರಾರಿಗಿಂತಲೂ ಚಿಕ್ಕ ವಾಸ.

ಪ್ರಯೋಜನ: ಇಲ್ಲ.

ಸಂಬಂಧ: ಈ ತಂಡ ಆಡುವ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೂ ನಂಜನಗೂಡು ತಾಲ್ಲೂಕಿನ ದೇವನೂರಿಗೂ ಎಲ್ಲಿಯ ನಂಟು ಎಂದು ವಿದ್ವಾಂಸರು ಕೇಳಬಹುದು. ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಹುಡುಗರು ಊರಿಗೆ ತರುವ ಕಾಯಿಲೆಗಳಲ್ಲಿ ಇದೂ ಒಂದು. ಸೆಕ್ಯೂರಿಟಿ ಕೆಲಸದ ರಜೆಯ ದಿನ ಯಾರೋ ಕರೆದರೆಂದು ಒಳಗೆ ಹೋಗಿ ಸಿಮೆಂಟಿನ ಮೆಟ್ಟಿಲ ಮೇಲೆ ಕೂತವನು ಎದ್ದು ಬರುವಾಗ ಮೊದಲಿನ ಮನುಷ್ಯ ಆಗಿರುವುದಿಲ್ಲ. ಕೆಲಸ ಬಿಟ್ಟು ಊರಿಗೆ ಬರುತ್ತಾನೆ, ತಂಡವನ್ನು ಬಿಟ್ಟು ಬರುವುದಿಲ್ಲ.

ಅಧಿಕಾರಿ, ಅಂದರೆ ಈ ಶಾಸ್ತ್ರ ಓದಲು ಅರ್ಹನಾದವನು: ಬೇರೆ ತಂಡ ಆರಿಸಿಕೊಳ್ಳುವ ಅವಕಾಶವಿದ್ದೂ ಇದನ್ನೇ ಆರಿಸಿಕೊಂಡವನು. ಟಿವಿಯಲ್ಲಿ ಮ್ಯಾಂಚೆಸ್ಟರ್ ನೋಡುವವರು ಮುಂದಿನ ಪುಟಕ್ಕೆ ಬರುವ ಅಗತ್ಯವಿಲ್ಲ.

ಇನ್ನು ಮೂಲಪ್ರತಿಯ ವಿಚಾರ. ತಾಳೆಗರಿಯಲ್ಲ, ಒಂಟಿಕೊಪ್ಪಲ್ ಪಂಚಾಂಗದ ಗೋಡೆ ಕ್ಯಾಲೆಂಡರು. ತಿಥಿ, ನಕ್ಷತ್ರ, ರಾಹುಕಾಲಗಳ ನಡುವೆ ಉಳಿದ ಬಿಳಿ ಜಾಗದಲ್ಲಿ ನೀಲಿ ಬಾಲ್‌ಪೆನ್ನಿನ ಬರಹ. ಲಿಪಿಕಾರ ಒಬ್ಬನೇ, ಖಾತೆ ಎರಡು: ಡೇರಿಗೆ ಹಾಕಿದ ಹಾಲಿನ ಲೆಕ್ಕ ಮತ್ತು ತಂಡದ ಲೆಕ್ಕ. ಪಾಠಾಂತರದ ಜಗಳ ಹುಟ್ಟಿದ್ದು ಇಲ್ಲೇ. ಒಂದು ದಿನದ ಮನೆಯಲ್ಲಿ ‘4.5’ ಎಂದಿದೆ. ಅರ್ಧ ಗೋಲು ಇಲ್ಲದಿರುವುದರಿಂದ ಅದು ಹಾಲು ಎಂಬುದು ನಿರ್ವಿವಾದ. ಇನ್ನೊಂದರಲ್ಲಿ ಬರೀ ‘0’. ಹಸು ಒದ್ದು ಹಾಲು ಚೆಲ್ಲಿದ ದಿನವೆಂದು ಒಂದು ಪಂಥ, ನಮ್ಮವರು ಗೋಲು ಹೊಡೆಯದ ದಿನವೆಂದು ಇನ್ನೊಂದು ಪಂಥ. ಲಿಪಿಕಾರನನ್ನೇ ಕೇಳಿದಾಗ, “ಎರಡೂ ಆಗಿತ್ತು ಕನಣ್ಣ, ಒಂದೇ ಸೊನ್ನೆ ಸಾಕು ಅಂತ ಬುಟ್ಟೆ” ಎಂದ. ಶಾಸ್ತ್ರದಲ್ಲಿ ಇದನ್ನು ಲಾಘವ ನ್ಯಾಯ ಎನ್ನುತ್ತಾರೆ.

ತಂಡ ಸೋತಿತೆಂದು ಅಭಿಮಾನಿಗೆ ಹೇಗೆ ತಿಳಿಯುತ್ತದೆ? ಪ್ರಮಾಣಗಳ ಚರ್ಚೆ ಅನಿವಾರ್ಯ. ಪ್ರತ್ಯಕ್ಷಕ್ಕೆ ದೇವನೂರಿಂದ ನಂಜನಗೂಡು, ಅಲ್ಲಿಂದ ಮೈಸೂರು, ಅಲ್ಲಿಂದ ಸ್ಯಾಟಲೈಟ್ ಬಸ್ ನಿಲ್ದಾಣ, ಆಮೇಲೆ ಸಿಟಿ ಬಸ್ಸು. ಹೋಗಬಹುದು, ಸಾಯಂಕಾಲ ಹಾಲು ಕರೆಯುವ ಹೊತ್ತಿಗೆ ವಾಪಸ್ ಬರಲಾಗದು. ಆದ್ದರಿಂದ ಪ್ರತ್ಯಕ್ಷ ದುರ್ಲಭ. ಅನುಮಾನ ಸುಲಭ: ‘ಹುಡುಗರು ಚೆನ್ನಾಗೇ ಆಡಿದರು’ ಎಂದು ಕೋಚ್ ಹೇಳಿದ್ದು ಕಂಡರೆ, ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ, ಸೋಲನ್ನು ಊಹಿಸತಕ್ಕದ್ದು. ಶಬ್ದಪ್ರಮಾಣವೆಂದರೆ ಪತ್ರಿಕೆಯ ಕ್ರೀಡಾಪುಟದ ಕೆಳಮೂಲೆಯ ಎರಡು ಸಾಲು. ಆ ಎರಡು ಸಾಲೂ ಇಲ್ಲದ ದಿನಗಳಿಗೆ ಕುಮಾರಿಲ ಭಟ್ಟನ ಅನುಯಾಯಿಗಳು ಒಪ್ಪಿದ ಅನುಪಲಬ್ಧಿ ಪ್ರಮಾಣವಿದೆ. ಕಾಣಬೇಕಾದಲ್ಲಿ ಕಾಣದಿರುವುದೂ ಜ್ಞಾನವೇ. ಸುದ್ದಿ ಇಲ್ಲವೆಂದರೆ ಪಂದ್ಯ ನಡೆದಿದೆ, ಸೋತಿದ್ದೇವೆ.

ಈಗ ಮೊದಲ ಸೂತ್ರ.

‘ಪೆರರ ಸೋಲಿಂದಮೆ ತನ್ನ ಬಾಳ್ವೆ.’

ವೃತ್ತಿ: ಬೇರೆಯವರು ಸೋತರೆ ಮಾತ್ರ ತನಗೆ ಬದುಕು. ಗೆಲ್ಲುವ ತಂಡದ ಅಭಿಮಾನಿ ತನ್ನ ಪಂದ್ಯವನ್ನಷ್ಟೇ ನೋಡುತ್ತಾನೆ. ಮುಳುಗುವ ತಂಡದವನು ತನ್ನದನ್ನು ಬಿಟ್ಟು ಉಳಿದೆಲ್ಲ ಪಂದ್ಯಗಳನ್ನೂ ನೋಡಬೇಕು. ದೇವನೂರಿನ ನಮ್ಮ ಅಭಿಮಾನಿ ಮೈಸೂರು ಜಿಲ್ಲೆಯ ಎಲ್ಲ ತಾಲ್ಲೂಕುಗಳನ್ನು ನೋಡಿದವನಲ್ಲ. ಆದರೆ ಆ ಮಾರ್ಚ್ ತಿಂಗಳಲ್ಲಿ ಮಿಜೋರಾಮಿನ ಐಜ್ವಾಲಿನಲ್ಲಿ ಮಳೆ ಬಂತೇ, ಶಿಲ್ಲಾಂಗಿನಲ್ಲಿ ಯಾರಿಗೆ ಮಂಡಿ ನೋವು, ಗೋವಾದ ಡೆಂಪೊ ಈ ವಾರ ಯಾರನ್ನು ಕೂರಿಸಿದೆ ಎಂಬುದೆಲ್ಲ ಅವನಿಗೆ ನಾಲಗೆ ತುದಿಯಲ್ಲಿತ್ತು. ಕಪಿಲೆಯಲ್ಲಿ ಮುಳುಗೆದ್ದು ಕೈಮುಗಿದಾಗ ಅವನು ಬೇಡಿಕೊಂಡದ್ದು: ಲೋಕಕ್ಕೆಲ್ಲ ಒಳ್ಳೇದಾಗಲಿ, ಐಜ್ವಾಲ್ ಒಂದನ್ನು ಬಿಟ್ಟು. ಐಜ್ವಾಲಿನ ಒಬ್ಬರನ್ನೂ ಅವನು ಜೀವಮಾನದಲ್ಲಿ ಕಂಡಿಲ್ಲ. ವೈರಕ್ಕೆ ಪರಿಚಯ ಬೇಕೆಂಬ ವಾದ ಇಲ್ಲಿಗೆ ಖಂಡಿತವಾಯಿತು.

ಈ ಸೂತ್ರಕ್ಕೆ ಶ್ರೇಷ್ಠ ಉದಾಹರಣೆ ಸೀಮೆಯಾಚೆಯದು. 1999ರ ಮೇ 8ರಂದು ಇಂಗ್ಲೆಂಡಿನ ಕಾರ್ಲೈಲ್ ಯುನೈಟೆಡ್ ತಂಡ ಕೊನೆಯ ಪಂದ್ಯವನ್ನು ಗೆಲ್ಲದಿದ್ದರೆ ಲೀಗಿನಿಂದಲೇ ಹೊರಬೀಳುತ್ತಿತ್ತು. ಆಟ 1-1ರಲ್ಲಿತ್ತು. ಆ ಕಡೆ ಇನ್ನೊಂದು ಊರಲ್ಲಿ ಸ್ಕಾರ್ಬರೋ ತಂಡ ತನ್ನ ಪಂದ್ಯ ಡ್ರಾ ಮಾಡಿ, ತಾನು ಉಳಿದೆನೆಂದುಕೊಂಡಿತ್ತು. ಅಭಿಮಾನಿಗಳು ಮೈದಾನಕ್ಕಿಳಿದು ಕುಣಿಯತೊಡಗಿದ್ದರು. ಇತ್ತ ಇಂಜುರಿ ಟೈಮಿನ ಕೊನೆಯಲ್ಲಿ ಕಾರ್ಲೈಲಿಗೆ ಕಾರ್ನರ್ ಸಿಕ್ಕಿತು. ಎರವಲು ಬಂದಿದ್ದ ಗೋಲ್‌ಕೀಪರ್ ಜಿಮ್ಮಿ ಗ್ಲಾಸ್ ತನ್ನ ಗೋಲನ್ನು ಬಿಟ್ಟು ಓಡಿ ಬಂದು ಚೆಂಡನ್ನು ಬಲೆಗೆ ಒದ್ದ. ಕಾರ್ಲೈಲ್ ಉಳಿಯಿತು, ಸ್ಕಾರ್ಬರೋ ಹೋಯಿತು. 2007ರಲ್ಲಿ ಆ ಕ್ಲಬ್ಬೇ ಮುಚ್ಚಿತು. ಗ್ಲಾಸ್ ಕಾರ್ಲೈಲಿಗೆ ಆಡಿದ್ದು ಒಟ್ಟು ಮೂರೇ ಪಂದ್ಯ. ಎಲ್ಲರೂ ಈ ಕಥೆಯನ್ನು ಕಾರ್ಲೈಲ್ ಕಡೆಯಿಂದ ಹೇಳುತ್ತಾರೆ. ದೇವನೂರು ಭಾಷ್ಯಕಾರನೊಬ್ಬನೇ ಸ್ಕಾರ್ಬರೋ ಕಡೆಯಿಂದ ಓದಿದವನು. ಮೈದಾನದಲ್ಲಿ ಅರ್ಧ ಕುಣಿತ ಮುಗಿದಾಗ ಸುದ್ದಿ ಬಂದರೆ ಎತ್ತಿದ ಕಾಲನ್ನು ಎಲ್ಲಿ ಇಡಬೇಕು ಎಂಬುದು ಅವನ ಪ್ರಶ್ನೆ. ನಾಟ್ಯಶಾಸ್ತ್ರದಲ್ಲಿ ಉತ್ತರವಿಲ್ಲ.

ಎರಡನೇ ಸೂತ್ರ: ‘ಲೆಕ್ಕಮುಳ್ಳನ್ನೆಗಂ ಆಸೆ ಸಾಯದು.’

ನಾವು ಉಳಿದ ಮೂರನ್ನೂ ಗೆದ್ದು, ಅವರು ಮೂರನ್ನೂ ಸೋತು, ಇನ್ನಿಬ್ಬರು ತಮ್ಮತಮ್ಮಲ್ಲೇ ಡ್ರಾ ಮಾಡಿಕೊಂಡು, ಗೋಲು ವ್ಯತ್ಯಾಸ ಸರಿಹೋದರೆ. ಈ ‘ದರೆ’ಗಳ ಮೇಲೆ ಹೆಚ್ಚು ವ್ಯಾಖ್ಯಾನ ಬೇಕಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಗೋತಾ ಹೊಡೆದವನೂ ಏಪ್ರಿಲ್ ಹೊತ್ತಿಗೆ ಸಂಭವನೀಯತೆಯ ಪಂಡಿತನಾಗಿರುತ್ತಾನೆ ಎಂಬುದನ್ನು ಶಿಕ್ಷಣ ಇಲಾಖೆ ಗಮನಿಸಬಹುದು.

ಪೂರ್ವಪಕ್ಷದವರು ಎದ್ದು ಕೇಳುತ್ತಾರೆ: ಹಿಂಬಡ್ತಿಯಾದರೂ ಏಕಿರಬೇಕು? ಇದಕ್ಕೆ ಇತಿಹಾಸ ನೋಡಬೇಕು. 1892ರಲ್ಲಿ ಇಂಗ್ಲೆಂಡಿನವರು ಎರಡನೇ ಡಿವಿಷನ್ ಮಾಡಿ, ಮೇಲಿನ ಕೊನೆಯವರಿಗೂ ಕೆಳಗಿನ ಮೊದಲಿನವರಿಗೂ ‘ಟೆಸ್ಟ್ ಮ್ಯಾಚ್’ ಇಟ್ಟರು. 1898ರಲ್ಲಿ ಸ್ಟೋಕ್ ಮತ್ತು ಬರ್ನ್‌ಲಿ ತಂಡಗಳೆರಡಕ್ಕೂ ಡ್ರಾ ಆದರೆ ಸಾಕಾಗಿತ್ತು. ಇಬ್ಬರೂ ಗೋಲಿನ ಕಡೆ ತಿರುಗಿಯೂ ನೋಡದೆ ಹೊತ್ತು ಕಳೆದರು. ರೋಸಿಹೋದ ಪ್ರೇಕ್ಷಕರು ತಮ್ಮ ಕಡೆ ಬಂದ ಚೆಂಡನ್ನು ವಾಪಸ್ ಕೊಡದೆ ಇಟ್ಟುಕೊಂಡರು. ಆಟ 0-0. ಆ ನಾಚಿಕೆಗೆ ಟೆಸ್ಟ್ ಮ್ಯಾಚ್ ರದ್ದಾಗಿ, ಪಟ್ಟಿಯ ಪ್ರಕಾರ ನೇರ ಏರಿಳಿತದ ಪದ್ಧತಿ ಬಂತು. ಟಿಕೆಟ್ ಕೊಂಡವನು ಚೆಂಡು ಹಿಡಿದು ಕೂತದ್ದರಿಂದ ಶಾಸ್ತ್ರವೇ ಬದಲಾಯಿತು! ನನ್ನ ಮಟ್ಟಿಗೆ ಫುಟ್‌ಬಾಲಿನ ಇತಿಹಾಸದಲ್ಲಿ ಪ್ರೇಕ್ಷಕರು ಮಾಡಿದ ಅತಿ ದೊಡ್ಡ ಕೆಲಸ ಅದು.

ನಮ್ಮ ದೇಶದಲ್ಲಿ ಎರಡು ದರ್ಶನಗಳಿವೆ. ನಿತ್ಯವಾದಿಗಳು ಮೇಲಿನ ಮೆಟ್ಟಿಲಾದ ಐಎಸ್‌ಎಲ್‌ನವರು: 2014ರಲ್ಲಿ ಶುರುವಾದ ಆ ಲೀಗಿನ ಮೊದಲ ಹತ್ತು ವರ್ಷ ಎಷ್ಟು ಸೋತರೂ ಯಾರೂ ಕೆಳಕ್ಕೆ ಬೀಳಲಿಲ್ಲ. ಅನಿತ್ಯವಾದಿಗಳು ಅದರ ಕೆಳಗಿನವರು: ಅವರಿಗೆ ಕ್ಷಣಭಂಗುರತೆಯೇ ಸತ್ಯ. ಬೆಂಗಳೂರಿನಲ್ಲಿ ಎರಡೂ ದರ್ಶನಗಳು ಅಕ್ಕಪಕ್ಕ ವಾಸವಾಗಿವೆ. ಕಂಠೀರವದಲ್ಲಿ ಆಡುವ ಬೆಂಗಳೂರು ಎಫ್‌ಸಿ 2023-24ರಲ್ಲಿ ಹನ್ನೆರಡರಲ್ಲಿ ಹತ್ತನೆಯದಾಯಿತು. ಅದರ ಅಭಿಮಾನಿ ಬೈದುಕೊಂಡು ಉಂಡು ಮಲಗಿದ. ಅಶೋಕನಗರದವನಿಗೆ ಆ ನಿದ್ದೆ ಇಲ್ಲ.

ಬೆಂಗಳೂರಿಗೆ ಈ ಕರ್ಮ ಹೊಸದಲ್ಲ ಎಂಬುದಕ್ಕೆ ಶಾಸನಾಧಾರವಿದೆ. ವಿಮಾನ ಕಟ್ಟುವ ಎಚ್‌ಎಎಲ್ ಕಾರ್ಖಾನೆಯ ತಂಡ 2010ರಲ್ಲಿ ಐ-ಲೀಗಿಗೆ ಏರಿತ್ತು, ಒಬ್ಬ ವಿದೇಶಿ ಆಟಗಾರನೂ ಇಲ್ಲದೆ. ಉಳಿದವರಲ್ಲಿ ಹಲವರು ಬ್ರೆಜಿಲ್, ನೈಜೀರಿಯಾಗಳಿಂದ ಆಳು ತರಿಸುತ್ತಿದ್ದ ಕಾಲದಲ್ಲಿ ಇವರದು ಬರೀ ದೇಶಿ ಹುಡುಗರ ತಂಡ. ಮೊದಲ ವರ್ಷ ಹೇಗೋ ಉಳಿದರು. ಆ ವರ್ಷ ಬಿದ್ದವರಲ್ಲಿ ಪಂಜಾಬಿನ ಜೆಸಿಟಿ ಒಂದು. 1996-97ರಲ್ಲಿ ದೇಶದ ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದಿದ್ದ ತಂಡ ಅದು. ಬಿದ್ದದ್ದೇ ತಡ ಬಾಗಿಲು ಮುಚ್ಚಿತು. 2011-12ರಲ್ಲಿ ಎಚ್‌ಎಎಲ್ ಸರದಿ, ಜೊತೆಗೆ ಚಿರಾಗ್ ಯುನೈಟೆಡ್ ಕೇರಳ. ಅದೇ ಲೀಗಿನಲ್ಲಿದ್ದ ಪೈಲಾನ್ ಆ್ಯರೋಸ್ ಎಂಬ ಎಳೆಯ ಹುಡುಗರ ತಂಡಕ್ಕೆ ಮಾತ್ರ ಹಿಂಬಡ್ತಿಯಿಂದ ವಿನಾಯಿತಿ ಇತ್ತು. ಕಲಿಯುವ ಮಕ್ಕಳಿಗೆ ವಿನಾಯಿತಿ ಸರಿಯೇ. ಶಿಫ್ಟ್ ಮುಗಿಸಿ ಬಂದು ಆಡುವವರಿಗೂ ಯಾರಾದರೂ ಒಂದು ಸುತ್ತೋಲೆ ಹೊರಡಿಸಬಹುದಿತ್ತು ಎಂಬುದು ಟೀಕಾಕಾರನ ಗೊಣಗಾಟ, ಮೂಲದಲ್ಲಿಲ್ಲ.

ಕರ್ಮಸಿದ್ಧಾಂತಿಗಳ ಬಾಯಿ ಮುಚ್ಚಿಸಲು ಒಂದೇ ಉದಾಹರಣೆ ಸಾಕು. ಮ್ಯಾಂಚೆಸ್ಟರ್ ಸಿಟಿ 1937ರಲ್ಲಿ ಇಂಗ್ಲೆಂಡಿನ ಚಾಂಪಿಯನ್. ಮರುವರ್ಷ 80 ಗೋಲು ಹೊಡೆಯಿತು. ಆ ಡಿವಿಷನ್ನಿನಲ್ಲಿ ಅಷ್ಟು ಹೊಡೆದವರು ಇನ್ನಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುವವರು ಕೇಳಿಸಿಕೊಳ್ಳಲಿ: ಆ ವರ್ಷವೇ ಅದು ಕೆಳಕ್ಕೆ ಬಿತ್ತು.

ಇನ್ನು ರಸವಿಚಾರ. ಭರತಮುನಿ ಹೇಳಿದ್ದು ಎಂಟು, ಶಾಂತವನ್ನು ಆಮೇಲಿನವರು ಸೇರಿಸಿ ಒಂಬತ್ತಾಯಿತು. ಅಭಿಮಾನಿಯ ಅನುಭವ ಇವುಗಳಲ್ಲಿ ಯಾವುದು? ಕರುಣ ಎನ್ನೋಣವೆಂದರೆ ಕರುಣಕ್ಕೆ ಅಳುವವರು ಇಬ್ಬರಾದರೂ ಬೇಕು. ಈ ಗ್ರಂಥದ ಮುಖ್ಯ ಪ್ರತಿಪಾದನೆ ಇಲ್ಲೇ ಇದೆ: ಸೋಲಿಗಿಂತ ಸೋಲನ್ನು ಹೇಳಿಕೊಳ್ಳಲು ಆಳಿಲ್ಲದಿರುವುದು ದೊಡ್ಡ ದುಃಖ. ಆರ್‌ಸಿಬಿಯನ್ನು ನೋಡಿ. 2017ರಲ್ಲೂ 2019ರಲ್ಲೂ ಅದು ಎಂಟಕ್ಕೆ ಎಂಟನೆಯದಾಗಿತ್ತು. ಯಾವ ಕೆಳಗಿನ ಲೀಗಿಗೂ ಹೋಗಲಿಲ್ಲ, ಹೋಗಲು ಕೆಳಗೆ ಏನೂ ಇರಲಿಲ್ಲ. ಅಷ್ಟೂ ವರ್ಷ ಅದರ ದುಃಖವನ್ನು ಇಡೀ ರಾಜ್ಯ ಸೇರಿ ಒಂದು ಹಬ್ಬದಂತೆ ಆಚರಿಸಿತು. 2025ರ ಜೂನ್ 3ರಂದು ಕಪ್ಪು ಬಂತು. ನಮ್ಮವನ ತಂಡ ಬಿದ್ದು ಆಗ ಎರಡು ತಿಂಗಳಾಗಿತ್ತಷ್ಟೆ. ಅವನೂ ಪಟಾಕಿ ಹಚ್ಚಿದ, ಏಕೆಂದು ಯಾರೂ ಕೇಳಲಿಲ್ಲ.

ಏಪ್ರಿಲ್‌ನಲ್ಲಿ ಟೀ ಅಂಗಡಿಯ ಮುಂದೆ ನಡೆದ ಸಂವಾದವೊಂದು ಪ್ರತಿಯ ಅಂಚಿನಲ್ಲಿ ಸಿಗುತ್ತದೆ.

“ಯಾಕ್ಲಾ ಮೊಕ ಇಂಗ್ ಮಾಡ್ಕಂಡಿದ್ದೀಯೆ?”

“ನಮ್ ಟೀಮು ಕೆಳುಕ್ಕೋಯ್ತು ಕಣ್ಮಾವ.”

“ಎಲ್ಗೆ?”

“ಮೂರ್ನೇ ಲೀಗ್ಗೆ.”

ಮಾವ ಗ್ಲಾಸು ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ನಿಜವಾದ ಕಾಳಜಿಯಿಂದಲೇ ಕೇಳಿದ: “ಅಂಗಾರೆ ಕೊಹ್ಲಿ ಬುಟ್ಬುಟ್ನಾ?”

ಇದು ಯಾವ ರಸವೆಂದು ತೀರ್ಮಾನವಾಗದೆ ಪಂಡಿತಸಭೆ ಟೀ ಕುಡಿದು ಚದುರಿತು.

ಒಂದು ಪರಿಶಿಷ್ಟ ಉಳಿದಿದೆ, ಮೇಲ್ಮನವಿಯದು. 2025ರ ಏಪ್ರಿಲ್ 6ಕ್ಕೆ ಐ-ಲೀಗ್ ಆಟಗಳು ಮುಗಿದಾಗ ಪಟ್ಟಿಯ ತಲೆಯ ಮೇಲೆ ಗೋವಾದ ಚರ್ಚಿಲ್ ಬ್ರದರ್ಸ್ ಇತ್ತು. ಇಂಟರ್ ಕಾಶಿ ತಂಡ ಆಟಗಾರರ ಅರ್ಹತೆಯ ತಕರಾರು ಹಿಡಿದು ಅಲ್ಲಿಂದಿಲ್ಲಿಗೆ ಅಲೆದು, ಕೊನೆಗೆ ಸ್ವಿಟ್ಜರ್ಲೆಂಡಿನ ಲೌಸಾನ್ ಊರಿನ ಕ್ರೀಡಾ ನ್ಯಾಯಾಲಯದ ಮೆಟ್ಟಿಲೇರಿತು. ಜುಲೈ 18ರಂದು ಆ ನ್ಯಾಯಾಲಯ ಇಂಟರ್ ಕಾಶಿಯೇ ಚಾಂಪಿಯನ್ ಎಂದಿತು. ತಲೆಯ ಕಡೆಯ ಜಾಗಕ್ಕೆ ಮೂರು ತಿಂಗಳ ವ್ಯಾಜ್ಯ ನಡೆದ ಅದೇ ಪಟ್ಟಿಯಲ್ಲಿ ಬಾಲದ ಕಡೆಯ ಜಾಗ ನಮಗೇ ಬೇಕೆಂದು ಯಾರೂ ದಾವೆ ಹೂಡಲಿಲ್ಲ. ದೇವನೂರಿನವನು ಮಾತ್ರ ಆ ಮೂರು ತಿಂಗಳೂ ಕ್ಯಾಲೆಂಡರು ಹರಿಯದೆ ಕಾದ. ಮೇಲಿನದು ಅಲುಗಿದರೆ ಕೆಳಗಿನದೂ ಅಲುಗಬಹುದು ಎಂಬುದು ಅವನ ತರ್ಕ. ಎರಡನೇ ಸೂತ್ರ ನೋಡಿ.

ಫಲಶ್ರುತಿ: ಸೀಸನ್ನಿನ ಕೊನೆಯ ಭಾನುವಾರ ರಾಹುಕಾಲ ಬಿಟ್ಟು ಈ ಮೀಮಾಂಸೆಯನ್ನು ಗಟ್ಟಿಯಾಗಿ ಓದಿದವನ ತಂಡ ಉಳಿಯುವುದಿಲ್ಲ, ಪಕ್ಕದ ಸಾಲಿನ ತಂಡದ ಗೋಲ್‌ಕೀಪರನಿಗೆ ಕಾಲು ಉಳುಕುತ್ತದೆ. ಬರೆದು ಹಂಚಿದವನಿಗೆ ಒಂದು ಡ್ರಾ. ಎರವಲು ಒಯ್ದು ಹಿಂದಿರುಗಿಸದವನ ತಂಡ ಗೋಲು ವ್ಯತ್ಯಾಸದಲ್ಲಿ ಬೀಳುತ್ತದೆ. ಫಲ ಕಾಣದವರು ಲೌಸಾನಿಗೆ ಬರೆದುಕೊಳ್ಳಬಹುದು, ಶುಲ್ಕ ಸ್ವಿಸ್ ಫ್ರಾಂಕಿನಲ್ಲಿ ಮುಂಗಡ ಕಟ್ಟತಕ್ಕದ್ದು.