ದನ, ತೋಪು, ತಂಪು: ನಿವೃತ್ತ ಗುರಿಕಾರರ ಮೂಲಸ್ಥಾನ ವಿಜಯಪುರವೇ ಎಂಬುದರ ಸಪ್ರಮಾಣ ನಿರೂಪಣೆ

ಈ ಸಂಶೋಧನೆಯಲ್ಲಿ ನಿರ್ಣಯ ಮೊದಲೇ ಸಿದ್ಧವಾಗಿತ್ತು. ಆಧಾರಗಳನ್ನು ಆಮೇಲೆ ಕಲೆಹಾಕಲಾಯಿತು. ತಂತಮ್ಮ ಊರಿನ ಹಿರಿಮೆಯನ್ನು ಕುರಿತ ಬಹುಪಾಲು ಸಂಶೋಧನೆಗಳು ಇದೇ ಕ್ರಮದಲ್ಲಿ ನಡೆದು ಪದವಿಯನ್ನೂ ಗಳಿಸಿರುವುದರಿಂದ ಬೇರೆ ಕ್ರಮ ಹುಡುಕುವ ಗೋಜಿಗೆ ಹೋಗಲಿಲ್ಲ. ನಿರ್ಣಯ ಹೀಗಿದೆ: ಅಮೆರಿಕದಲ್ಲಿ ‘ಕೌಬಾಯ್ ಆಕ್ಷನ್ ಶೂಟಿಂಗ್’ ಎಂದು ಹೆಸರಾದ ಆಟ, ಅದನ್ನಾಡುತ್ತ ಅಲ್ಲಿಯ ನಿವೃತ್ತರು ಹಿಮದ ಸೀಮೆಯಲ್ಲಿ ಕಾಲ ಕಳೆಯುವ ರೂಢಿ, ಇವೆರಡೂ ಹುಟ್ಟಿದ್ದು ವಿಜಯಪುರದ ಪಡುವಣ ಕೋಟೆಗೋಡೆಯ ಮೇಲೆ, ಬೆಳೆದದ್ದು ತಿಕೋಟಾ, ಬಬಲೇಶ್ವರಗಳ ಎರೆಹೊಲದಲ್ಲಿ.

ಶಾಸ್ತ್ರದ ಮರ್ಯಾದೆಯಂತೆ ಪೂರ್ವಪಕ್ಷವನ್ನು ಮೊದಲು ಕೇಳೋಣ. ಈ ಆಟದ ದೊಡ್ಡ ಸಂಸ್ಥೆಯಾದ ‘ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿ’ 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತು. ಆಟಗಾರ ಹತ್ತೊಂಬತ್ತನೆಯ ಶತಮಾನದ ವೇಷ ತೊಡಬೇಕು: ಅಗಲ ಅಂಚಿನ ಟೊಪ್ಪಿಗೆ, ಬೂಟು, ನಡುವಿಗೆ ಚರ್ಮದ ಪಟ್ಟಿ. ಆಯುಧಗಳು ನಾಲ್ಕು. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಕುದುರೆ ಎಳೆಯಬೇಕಾದ ರಿವಾಲ್ವರ್ ಎರಡು, ಕೆಳಗಿನ ಹಿಡಿಕೆಯನ್ನು ತಗ್ಗಿಸಿ ಎತ್ತಿ ಗುಂಡು ಏರಿಸುವ ರೈಫಲ್ ಒಂದು, ಹಳೇ ಮಾದರಿಯ ಶಾಟ್‌ಗನ್ ಒಂದು. ಹೊಡೆಯುವುದು ಉಕ್ಕಿನ ಹಲಗೆಗಳಿಗೆ. ಎಲ್ಲವನ್ನೂ ಹೊಡೆದು ಮುಗಿಸಲು ಹಿಡಿದ ಸಮಯವೇ ಅಂಕ. ತಪ್ಪಿದ ಪ್ರತಿ ಗುಂಡಿಗೆ ಐದು ಸೆಕೆಂಡು ದಂಡ. ಪ್ರತಿಯೊಬ್ಬ ಸದಸ್ಯನಿಗೂ ಒಂದು ಅಡ್ಡಹೆಸರು ಇರಲೇಬೇಕು, ಅದು ಇನ್ನೊಬ್ಬನಿಗೆ ಇರಕೂಡದು.

ವೇಷದ ವಿಚಾರವನ್ನು ಬೇಗ ಮುಗಿಸಿಬಿಡಬಹುದು. ‘ಕೌಬಾಯ್ ಕುಳ್ಳ’ ತೆರೆಗೆ ಬಂದದ್ದು 1973ರಲ್ಲಿ. ಅಮೆರಿಕದ ಸಂಸ್ಥೆ ಹುಟ್ಟುವುದಕ್ಕೆ 14 ವರ್ಷ ಮೊದಲೇ ಕನ್ನಡಿಗರು ದ್ವಾರಕೀಶರನ್ನು ಕೌಬಾಯ್ ಆಗಿ ನೋಡಿ ಮನೆಗೆ ಹೋಗಿದ್ದರು. ಅಡ್ಡಹೆಸರಿನ ವಿಚಾರದಲ್ಲಂತೂ ವಾದವೇ ಬೇಕಿಲ್ಲ. ಜಮಾದಾರ, ಹವಾಲ್ದಾರ, ಗೋಲಂದಾಜ ಎಂಬ ಮನೆತನಗಳಿರುವ ಸೀಮೆಯವರು, ಮೆಣಸಿನಕಾಯಿ, ಉಳ್ಳಾಗಡ್ಡಿಗಳನ್ನೂ ಅಡ್ಡಹೆಸರಾಗಿ ಧರಿಸಿ ಧೈರ್ಯವಾಗಿ ಸಹಿ ಮಾಡುವವರು, ಒಂದು ಹೆಸರಿಗಾಗಿ ಕ್ಯಾಲಿಫೋರ್ನಿಯಾಕ್ಕೆ ಅರ್ಜಿ ಹಾಕಬೇಕೆ?

ಇನ್ನು ಮುಖ್ಯ ಪ್ರಮಾಣ. ಆ ಪಡುವಣ ಗೋಡೆಯ ಷೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ ತೋಪನ್ನು ಎರಕ ಹೊಯ್ದದ್ದು 1549ರಲ್ಲಿ, ಅಹಮದನಗರದಲ್ಲಿ. ತೂಕ ಸುಮಾರು 55 ಟನ್, ಉದ್ದ ನಾಲ್ಕು ಮೀಟರಿಗೂ ಹೆಚ್ಚು. ಪರಾಂಡಾ ಕೋಟೆಯಲ್ಲಿದ್ದ ಅದನ್ನು 1632ರಲ್ಲಿ ವಿಜಯಪುರಕ್ಕೆ ತಂದರು. ತಂದವರು ಯಾರು? ಪರಂಪರೆಯ ಹೇಳಿಕೆಯಂತೆ 10 ಆನೆ, 400 ಎತ್ತು, ನೂರಾರು ಆಳು. ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕು. ನಾನೂರು ಎತ್ತು ಎಂದರೆ ಇನ್ನೂರು ಜೋಡಿ. ಇನ್ನೂರು ಜೋಡಿ ಎತ್ತುಗಳನ್ನು ಒಂದೇ ತೋಪಿಗೆ ಹೂಡಿ, ಒಂದೇ ಹೊತ್ತಿಗೆ ಒಂದೇ ದಿಕ್ಕಿಗೆ ಎಳೆಸಿದವರು ದನಗಳ ಬಾಲ ಬಲ್ಲ ಹುಡುಗರಲ್ಲದೆ ಮತ್ತಾರು? ಒಂದು ಕಡೆ ದನ, ಒಂದು ಕಡೆ ತೋಪು, ನಡುವೆ ಬಾರುಕೋಲು ಹಿಡಿದ ಹುಡುಗ. ಅಮೆರಿಕದ ಕೌಬಾಯ್ ಟೆಕ್ಸಸ್ಸಿನಿಂದ ದನ ಹೊಡೆದುಕೊಂಡು ಹೊರಟದ್ದು ಇದಾದ ಎರಡು ಶತಮಾನಕ್ಕೂ ತಡವಾಗಿ. ಅವನ ಬಳಿ ಇದ್ದದ್ದು ಸೊಂಟಕ್ಕೆ ಸಿಕ್ಕಿಸುವ ಆಯುಧ. ನಮ್ಮವನದು ಸೊಂಟಕ್ಕೆ ಸಿಕ್ಕಿಸುವ ಮಾತೇ ಅಲ್ಲ.

ಶಂಕೆ: ಎಳೆದದ್ದು ಆನೆಗಳೂ ಹೌದಲ್ಲ, ಶ್ರೇಯಸ್ಸು ಎತ್ತಿಗೇ ಏಕೆ? ಸಮಾಧಾನ: ಆ ತೋಪಿನ ಬಾಯನ್ನು ಗಮನಿಸಬೇಕು. ಅದರಲ್ಲಿ ಕಡೆದಿರುವುದು ಆನೆಯನ್ನು ನುಂಗುತ್ತಿರುವ ಸಿಂಹ. ತಮ್ಮ ಕುಲದವನೇ ಸಿಂಹದ ಬಾಯಲ್ಲಿ ಸಿಕ್ಕಿರುವ ಚಿತ್ರವನ್ನು ಪರಾಂಡಾದಿಂದ ವಿಜಯಪುರದ ತನಕ ಎಳೆದು ತರಲು ಆನೆಗಳು ಮನಸ್ಸಾರೆ ಒಪ್ಪಿದ್ದವೆಂದು ಯಾವ ನ್ಯಾಯಾಲಯವೂ ನಂಬಲಾರದು. ಹಿತಾಸಕ್ತಿಯ ಘರ್ಷಣೆ ಇರುವ ಸಾಕ್ಷಿಯನ್ನು ಕೈಬಿಡಬೇಕು. ಎತ್ತಿಗೆ ಅಂಥ ತಕರಾರಿಲ್ಲ.

ಪ್ರಸಂಗವಶಾತ್ ಒಂದು ಮಾತು. ತೋಪಿನ ಮೇಲಿನ ಶಾಸನದಲ್ಲಿ ಎರಕ ಹೊಯ್ದವನ ಹೆಸರುಂಟು, ಆಳಿದವನ ಹೆಸರುಂಟು, ಗೆದ್ದವನ ಹೆಸರುಂಟು. ಆ ಇನ್ನೂರು ಜೋಡಿಯ ಹಿಂದೆ ನಡೆದವರದು ಒಂದೂ ಇಲ್ಲ. ಅಮೆರಿಕದ ಪಂದ್ಯದಲ್ಲಿ ಭಾನುವಾರದ ಮಟ್ಟಿಗೆ ದನಗಾಹಿಯಾಗುವ ದಂತವೈದ್ಯನ ಅಡ್ಡಹೆಸರೂ ದಫ್ತರದಲ್ಲಿ ಭದ್ರವಾಗಿದೆ. ಪ್ರಬಂಧಕಾರನನ್ನು ಇದು ಸ್ವಲ್ಪ ಕೆಣಕುತ್ತದೆ. ಆದರೆ ಸಂಶೋಧನೆಯಲ್ಲಿ ಸಿಟ್ಟು ನಿಷಿದ್ಧವಾದ್ದರಿಂದ ಮುಂದುವರಿಯುತ್ತೇನೆ.

ಈಗ ನಿವೃತ್ತಿ ಪ್ರಕರಣ. 1686ರಲ್ಲಿ ವಿಜಯಪುರ ಔರಂಗಜೇಬನ ಕೈಸೇರಿತು. ಅವನು ಈ ವಿಜಯವನ್ನು ತೋಪಿನ ಮೈಮೇಲೆಯೇ ಕೊರೆಸಿದ. ಸೇವಾ ಪುಸ್ತಕದ ಕೊನೆಯ ನಮೂದು ಎಂದರೆ ಇದೇ. ಮುಂದೆ 1854ರಲ್ಲಿ ಬ್ರಿಟಿಷರ ಆಡಳಿತ ಅದನ್ನು ಹರಾಜಿಗೆ ಇಟ್ಟಾಗ ಬಂದ ಬೆಲೆ 150 ರೂಪಾಯಿ. ಅದೂ ಕೈಗೆ ಬರಲಿಲ್ಲ, ಹರಾಜೇ ರದ್ದಾಯಿತು. ಜೀವಮಾನವಿಡೀ ದುಡಿದು, ಕೊನೆಗೆ ಕಂಡ ಮೊತ್ತಕ್ಕೆ ದಂಗಾಗಿ, ಆ ಮೊತ್ತವೂ ಆಕ್ಷೇಪಣೆಯಲ್ಲಿ ಸಿಕ್ಕಿಕೊಂಡ ಇತಿಹಾಸ ಕೇಳಿದರೆ ಜಿಲ್ಲೆಯ ಯಾವ ನಿವೃತ್ತ ಮಾಸ್ತರರಿಗೂ ಈ ತೋಪು ತಮ್ಮ ಬ್ಯಾಚಿನದೇ ಎನ್ನಿಸದೆ ಇರದು.

ಲಕ್ಷಣಗಳೂ ಹೊಂದುತ್ತವೆ. ಹೊರಗೆ ಮೈ ಸುಡುವ ಬಿಸಿಲಿದ್ದರೂ ಈ ತೋಪನ್ನು ಮುಟ್ಟಿದರೆ ತಣ್ಣಗಿರುತ್ತದೆ ಎಂಬುದು ಊರಿನವರೆಲ್ಲ ಹೇಳುವ ಮಾತು. ಹಿಮದ ಸೀಮೆಯ ನಿವೃತ್ತಿ ಎಂಬುದರ ಬೀಜ ಇಲ್ಲಿದೆ: ಸುತ್ತ ಬೆಂಕಿ, ತಾನು ಮಾತ್ರ ತಂಪು. ಮೆಲ್ಲಗೆ ಬಡಿದರೆ ಗಂಟೆಯಂತೆ ದನಿ ಕೊಡುತ್ತದೆ. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ತಾವಿನ್ನೂ ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. ಮಲಿಕ್-ಎ-ಮೈದಾನ ಈ ಪ್ರಮಾಣವನ್ನು ಬಡಿದವರಿಗೆಲ್ಲ, ವರ್ಷವಿಡೀ, ಕುಳಿತಲ್ಲಿಂದಲೇ ಕೊಡುತ್ತ ಬಂದಿದೆ. ಇನ್ನು ಕಿವಿಯ ರಕ್ಷಣೆ. ಬತ್ತಿಗೆ ಕಿಚ್ಚಿಟ್ಟವನು ಪಕ್ಕದ ನೀರಿನ ತೊಟ್ಟಿಗೆ ಧುಮುಕಿ ತಲೆ ಮುಳುಗಿಸಿ ಕೂರುತ್ತಿದ್ದನೆಂದು ಗೈಡುಗಳು ಹೇಳುತ್ತಾರೆ. ಅಮೆರಿಕದವರು ಕಿವಿಗೆ ರಬ್ಬರಿನ ಬಿರಡೆ ತುರುಕಿಕೊಳ್ಳುತ್ತಾರೆ. ಯಾವುದು ಘನತೆಯ ಮಾರ್ಗ ಎಂಬುದನ್ನು ವಾಚಕರೇ ನಿರ್ಧರಿಸಲಿ. ಉಪಲಿ ಬುರುಜಿನ ಮೇಲಿರುವ ಒಂಬತ್ತು ಮೀಟರಿನ ನೀಳ ತೋಪಿನ ಬಗ್ಗೆಯೂ ಬರೆಯಬಹುದಿತ್ತು, ಆದರೆ ಆ ಮೆಟ್ಟಿಲುಗಳು ಪ್ರಬಂಧಕಾರನ ಮೊಣಕಾಲಿಗೆ ಅನುಕೂಲವಾಗಿಲ್ಲ.

ವಯಸ್ಸಿನ ಸಾಮ್ಯವಂತೂ ಬೆರಗಿನದು. ಅಮೆರಿಕದ ಆಟದಲ್ಲಿ 60 ದಾಟಿದವನು ‘ಸೀನಿಯರ್’. ಕರ್ನಾಟಕ ಸರ್ಕಾರ ನಿವೃತ್ತಿಯ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದ್ದು 2008ರಲ್ಲಿ. ಈ ಎರಡು ನಿರ್ಧಾರಗಳ ನಡುವೆ ಪತ್ರವ್ಯವಹಾರ ನಡೆದಿರಲಾರದು ಎಂದು ಸಿನಿಕರು ಹೇಳಬಹುದು. ಇನ್ನೂ ಮೇಲೆ, 75 ದಾಟಿದವರಿಗೆ ‘ಕ್ಯಾಟಲ್ ಬ್ಯಾರನ್’ ಎಂಬ ವರ್ಗ. ಎಂದರೆ ದೊಡ್ಡ ದನದ ಧಣಿ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಜೋಡಿ ಖಿಲಾರಿ ಎತ್ತು ಹೊಡೆದುಕೊಂಡು ಬಂದು, ಕೊಳ್ಳಲು ಬಂದವನೊಡನೆ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವ ತಿಕೋಟಾದ ಮುದುಕರಿಗೆ ಈ ಪದವಿ ಯಾವ ಪಂದ್ಯವೂ ಇಲ್ಲದೆ ಬಂದಿದೆ. ಅದೇ ಜಾತ್ರೆಯಲ್ಲಿ ಮದ್ದು ಸುಡುವ ರಾತ್ರಿಯೂ ಉಂಟು. ದನವೂ ಮದ್ದೂ ಒಂದೇ ಜಾತ್ರೆಯಲ್ಲಿ: ಅನುಮಾನ ಪ್ರಮಾಣಕ್ಕೆ ಇನ್ನೇನು ಬೇಕು?

ಆದರೆ ಪ್ರಾಮಾಣಿಕ ಸಂಶೋಧಕ ಅಡ್ಡಿಗಳನ್ನೂ ಹೇಳಬೇಕು. ಆಟಕ್ಕೆ ನಾಲ್ಕು ಆಯುಧ ಬೇಕು. ನಮ್ಮಲ್ಲಿ 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಕಾನೂನಿನ ದೃಷ್ಟಿಯಲ್ಲಿ ಬಬಲೇಶ್ವರದ ಗೌಡರು ಹೆಚ್ಚೆಂದರೆ ಅರ್ಧ ಕೌಬಾಯ್ ಆಗಬಹುದು. ಆ ಅರ್ಧಕ್ಕೂ ಚುನಾವಣೆಯ ಗ್ರಹಚಾರ. ಲೋಕಸಭೆ, ವಿಧಾನಸಭೆ ಎಂದು ನೀತಿಸಂಹಿತೆ ಬಂದಾಗಲೆಲ್ಲ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ಹೀಗಾಗಿ ಈ ಭಾಗದ ಗುರಿಕಾರಿಕೆ ಬಂದೂಕನ್ನು ಬಿಟ್ಟು ಕವಣೆಯನ್ನು ಹಿಡಿದು ಬೆಳೆಯಿತು.

ಕವಣೆಯನ್ನು ಕಡೆಗಣಿಸಿದ್ದು ಪಾಶ್ಚಾತ್ಯ ವಿದ್ವತ್ತಿನ ದೊಡ್ಡ ಲೋಪ. ನಡುವೆ ಕಲ್ಲು ಕೂರುವಷ್ಟು ಹೆಣೆದ ಪಟ್ಟಿ, ಎರಡು ಕಡೆ ಹಗ್ಗ. ಒಂದು ಹಗ್ಗದ ಕುಣಿಕೆ ಬೆರಳಿಗೆ, ಇನ್ನೊಂದರ ತುದಿ ಮುಷ್ಟಿಯಲ್ಲಿ. ತಲೆಯ ಮೇಲೆ ಬೀಸಿ, ಸರಿಯಾದ ಕ್ಷಣಕ್ಕೆ ಮುಷ್ಟಿ ಸಡಿಲಿಸಿದರೆ ಕಲ್ಲು ಹೊಲದ ಆಚೆ ಬದುವಿಗೆ ಹೋಗಿ ಬೀಳುತ್ತದೆ. ಹಿಂಗಾರಿ ಬಿಳಿಜೋಳ ತೆನೆ ಬಿಚ್ಚಿ ಹಾಲುಗಾಳಾಗಿ, ಸೀತನಿಯ ಹದಕ್ಕೆ ಬರುವಾಗ ಗುಬ್ಬಿ, ಗಿಳಿಗಳ ದಂಡು ಇಳಿಯುತ್ತದೆ. ಆಗ ಮನೆಯ ಹಿರಿಯರು ಅಟ್ಟದ ಮೇಲೆ ಕಂಬಳಿ ಹೊದ್ದು ಕೂರುತ್ತಾರೆ. ಗಮನಿಸಬೇಕಾದ ತತ್ತ್ವ ಇದು: ಇಲ್ಲಿ ಹಕ್ಕಿಗೆ ಕಲ್ಲು ತಗಲಬಾರದು, ಹಕ್ಕಿ ಏಳಬೇಕು ಅಷ್ಟೆ. ಗುರಿ ತಪ್ಪಿದ್ದಕ್ಕೆ ಐದು ಸೆಕೆಂಡು ದಂಡ ಹಾಕುವ ಆಟ ಒಂದು ಕಡೆ. ತಪ್ಪಿಸುವುದನ್ನೇ ಗುರಿ ಮಾಡಿಕೊಂಡು ಸಂಜೆಯ ತನಕ ಗೆಲ್ಲುತ್ತಲೇ ಇರುವ ಆಟ ಇನ್ನೊಂದು ಕಡೆ. ಎಪ್ಪತ್ತರ ಕಣ್ಣಿಗೆ ಯಾವುದು ಹಿತ?

ಹಿಮ ಎಲ್ಲಿದೆ ಎಂಬ ಕೊನೆಯ ಆಕ್ಷೇಪ ಉಳಿದಿದೆ. ಡಿಸೆಂಬರ್, ಜನವರಿಯಲ್ಲಿ ವಿಜಯಪುರದ ಬೆಳಗು ಹತ್ತು ಡಿಗ್ರಿಗೂ ಕೆಳಗಿಳಿಯುವುದುಂಟು; ಗೋಳಗುಮ್ಮಟದ ಉದ್ಯಾನದಲ್ಲಿ ವಾಕಿಂಗಿಗೆ ಬಂದವರ ಮಂಗನಟೊಪ್ಪಿಗೆಗಳೇ ಸಾಕ್ಷಿ. ಆಣೆಕಲ್ಲಿನ ಬಿಳುಪೂ ಈ ಸೀಮೆ ಕಂಡದ್ದೇ. ಆದರೆ ಅದನ್ನು ಈ ಪ್ರಬಂಧದ ಪುರಾವೆಯಾಗಿ ಎಣಿಸಲು ಮನಸ್ಸಿಲ್ಲ. 2014ರ ಮಾರ್ಚಿನಲ್ಲಿ ಸುರಿದ ಆಣೆಕಲ್ಲು ಕೊಯ್ಲಿಗೆ ಬಂದ ದ್ರಾಕ್ಷಿಯನ್ನು ಹೊಡೆದುಹಾಕಿತು, ಆ ಬಿಳುಪು ಸಾಲದ ಲೆಕ್ಕದಲ್ಲಿ ಕರಗಲು ವರ್ಷಗಳೇ ಬೇಕಾದವು. ಅದನ್ನು ಬಿಟ್ಟುಬಿಡೋಣ.

ನಂಬಬಹುದಾದ ಹಿಮ ಎಂದರೆ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜ್. ತಿಕೋಟಾ ಸುತ್ತಿನ ಶೆಡ್ಡುಗಳಲ್ಲಿ ಬಲೆಯ ಮೇಲೆ ಹರಡಿ, ನೆರಳಲ್ಲಿ ಒಣಗಿಸಿ, ನಾಲ್ಕು ಕಿಲೋ ಹಣ್ಣನ್ನು ಒಂದು ಕಿಲೋ ಮಾಡಿ, ಒಳ್ಳೆ ದರ ಬರುವ ತನಕ ನಾಲ್ಕೈದು ಡಿಗ್ರಿಯ ಚಳಿಯಲ್ಲಿ ಇಡುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ತಮ್ಮ ಬಾಕ್ಸುಗಳನ್ನು ನೋಡಿ ಬರಲು ಒಳಹೊಕ್ಕ ಮುದುಕರು ದರ ವಿಚಾರಿಸುವ ನೆಪದಲ್ಲಿ ಅಲ್ಲೇ ತಡಮಾಡುವುದನ್ನು ಕ್ಷೇತ್ರಕಾರ್ಯದಲ್ಲಿ ಕಾಣಲಾಯಿತು. ಒಣಗಿ, ಸುಕ್ಕಾಗಿ, ತಂಪಿನಲ್ಲಿ ಕೂತು ಬೆಲೆ ಏರುವುದನ್ನು ಕಾಯುವವರಲ್ಲಿ ದ್ರಾಕ್ಷಿ ಯಾವುದು, ಮುದುಕರು ಯಾರು ಎಂಬ ಸೂಕ್ಷ್ಮಕ್ಕೆ ಈ ಪ್ರಬಂಧ ಕೈಹಾಕುವುದಿಲ್ಲ.

ಎರಡನೆಯ ಹಿಮಪ್ರದೇಶ ನಗರದ ಎಟಿಎಂ ಕೋಣೆ. ಮೇ ತಿಂಗಳ ನಡುಹಗಲಲ್ಲಿ ಹೊರಗೆ 40 ಡಿಗ್ರಿ ದಾಟಿರುವಾಗ ಒಳಗೆ ಹಲ್ಲು ಕಟಕಟ. ಬಾಗಿಲಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದ ಕಾವಲುಗಾರರು, ತೊಡೆಯ ಮೇಲೆ ಜೋಡು ನಳಿಗೆಯ ಬಂದೂಕು. ನಿವೃತ್ತಿ, ಬಂದೂಕು, ಶೀತ ಮೂರೂ ಒಂದೇ ಕುರ್ಚಿಯಲ್ಲಿ! ಪ್ರಬಂಧಕಾರ ಭಕ್ತಿಯಿಂದ ವಿಚಾರಿಸಿದ:

“ಕಾಕಾ, ಈ ಬಂದೂಕ ಯಾವಾಗರ ಹಾರಿಸೀರೇನ್ರಿ?”

“ಫೌಜಿನ್ಯಾಗ ಬೇಕಾದಷ್ಟ ಹಾರಿಸೀನಿ. ಇಲ್ಲಿ ಹಾರಿಸಿದ್ರ ಕಾಗದ ಬರೀಬೇಕಾಗ್ತೈತ್ರೀ.”

ಇನ್ನು ಇಡೀ ವಾದಕ್ಕೆ ಪ್ರತ್ಯಕ್ಷದರ್ಶಿ ಒಬ್ಬರು ಬೇಕಿತ್ತು. ಮಗ ಮಿನೆಸೋಟಾದಲ್ಲಿರುವ ಬಬಲೇಶ್ವರದ ಹಿರಿಯರೊಬ್ಬರು ಜನವರಿಯ ಚಳಿಯಲ್ಲಿ ಅಲ್ಲಿಗೆ ಹೋಗಿ, ಎರಡು ಕಂಬಳಿ, ಒಂದು ಶೇಂಗಾ ಚಟ್ನಿ ಡಬ್ಬಿಯ ಬಲದಿಂದ ಬದುಕಿ ಬಂದಿದ್ದರು. ಅಲ್ಲಿ ಮಗ ಇಂಥದೊಂದು ಆಟ ತೋರಿಸಿದ್ದನಂತೆ. ಊರಿಗೆ ಬಂದ ಮೇಲೆ ಕಟ್ಟೆಯ ವಿದ್ವತ್ಸಭೆಯಲ್ಲಿ ನಡೆದ ಚರ್ಚೆಯನ್ನು ಪಾಠಭೇದವಿಲ್ಲದೆ ಕೊಡುತ್ತೇನೆ.

“ಎಪ್ಪತ್ತ ವರ್ಷದ ಮುದುಕ್ರು, ಮಂಜಿನ್ಯಾಗ ನಿಂತು ಢಂ ಢಂ ಹೊಡೀತಾರ.”

“ಏನ್ ಕಾಯತಾರ್ರೀ ಕಾಕಾ? ಜ್ವಾಳಾನೋ, ದ್ರಾಕ್ಷಿನೋ?”

“ಏನೂ ಇಲ್ಲಪಾ. ಕಬ್ಬಿಣದ ಹಲಗಿ ನಿಲ್ಲಿಸಿರ್ತಾರ, ಅದಕ್ಕ ಹೊಡೀತಾರ.”

“ಹೊಡದ್ರ ಅದು ಹಾರಿ ಹೋಗ್ತೈತೇನು?”

“ಎಲ್ಲೀ ಹಾರೂದು? ಅಲ್ಲೇ ನಿಂತಿರ್ತೈತಿ. ಮುಂದಿನ ವಾರ ಮತ್ತ ಬಂದು ಹೊಡೀತಾರ.”

ಕಟ್ಟೆ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಮೂಲೆಯಲ್ಲಿ ಕೂತಿದ್ದ ನಿವೃತ್ತ ತಲಾಟಿಯವರು ಎಲೆಅಡಿಕೆ ದವಡೆಗೆ ಸರಿಸಿ ಹೇಳಿದರು: “ಹಂಗಾರ ಅವರಿಗೆ ಪೆನ್ಷನ್ ಛಲೋ ಐತಿ ಬಿಡ್ರಿ.”