ಐದು ಮೀನು, ಇಬ್ಬರು ಹೊಣೆಗಾರರು

ಅಮೆರಿಕದ ಜಲಾಶಯಗಳಲ್ಲಿ ವಸಂತದಿಂದ ಶರತ್ಕಾಲದವರೆಗೆ ಸರಣಿಯಾಗಿ ನಡೆಯುವ ಬಾಸ್ ಮೀನಿನ ಜೋಡಿ ಸ್ಪರ್ಧೆಗಳ ನಿಯಮಾವಳಿಯಲ್ಲಿ, ಸತ್ತ ಮೀನಿಗೆ ಎಷ್ಟು ದಂಡ, ತಡವಾಗಿ ದಡ ಸೇರಿದ ದೋಣಿಗೆ ಎಷ್ಟು ದಂಡ, ಸುಳ್ಳು ಹೇಳಿದವರಿಗೆ ಯಾವ ಶಿಕ್ಷೆ ಎಂಬುದೆಲ್ಲ ವಿವರವಾಗಿ ನಮೂದಾಗಿರುತ್ತದೆ. ದೋಣಿಯಲ್ಲಿರುವ ಇಬ್ಬರಲ್ಲಿ ತಪ್ಪು ಯಾರದು ಎಂಬ ಪ್ರಶ್ನೆಯ ತಂಟೆಗೆ ಮಾತ್ರ ನಿಯಮಾವಳಿ ಹೋಗುವುದಿಲ್ಲ. ಇಲ್ಲಿ ಬಾಸ್ ಎಂದರೆ ಸನ್‌ಫಿಶ್ ಕುಟುಂಬಕ್ಕೆ ಸೇರಿದ, ಕಣ್ಣಿನ ಆಚೆಯವರೆಗೂ ಸೀಳಿದಂತಿರುವ ಬಾಯಿಯುಳ್ಳ, ಹಸಿರು ಮೈಯ ಸಿಹಿನೀರಿನ ಮೀನು. ಅದು ಹಸಿವಾದಾಗ ಮಾತ್ರವಲ್ಲದೆ ಸಿಟ್ಟು ಬಂದಾಗಲೂ ಗಾಳಕ್ಕೆ ಬಾಯಿ ಹಾಕುತ್ತದೆ. ಈ ಒಂದು ಗುಣದಲ್ಲಿ ಅದು ತನ್ನನ್ನು ಹಿಡಿಯಲು ಬಂದವರನ್ನೇ ಹೋಲುತ್ತದೆ.

ಈ ಸ್ಪರ್ಧೆಗಳಿಗೆ ಇಂದಿನ ರೂಪ ಕೊಟ್ಟ ರೇ ಸ್ಕಾಟ್ ಅಲಬಾಮದ ಮಾಂಟ್ಗೊಮರಿಯ ವಿಮಾ ಏಜೆಂಟರಾಗಿದ್ದುದು ಬರಿಯ ಆಕಸ್ಮಿಕವೆನ್ನಲಾಗದು. ಒದಗುವುದೋ ಇಲ್ಲವೋ ತಿಳಿಯದ ಸಂಗತಿಗಾಗಿ ಮುಂಗಡವಾಗಿ ಹಣ ಕಟ್ಟಲು ಜನರನ್ನು ಒಪ್ಪಿಸುವ ವಿದ್ಯೆ ಎರಡೂ ಕಸುಬುಗಳಿಗೆ ಬೇಕು. 1967ರಲ್ಲಿ ಅರ್ಕನ್ಸಾದ ಬೀವರ್ ಸರೋವರದಲ್ಲಿ 106 ಮಂದಿಯನ್ನು ಸೇರಿಸಿ ಸ್ಪರ್ಧೆ ನಡೆಸಿದ ಸ್ಕಾಟ್, ಮರುವರ್ಷ ಬಾಸ್ ಹಿಡಿಯುವವರ ಸಂಘವೊಂದನ್ನು ಕಟ್ಟಿ, 1972ರಿಂದ ಮೀನನ್ನು ಕೊಲ್ಲದೆ ತೂಗಿ ನೀರಿಗೆ ಬಿಡುವ ಪದ್ಧತಿಯನ್ನು ರೂಢಿಗೆ ತಂದರು. ಹೀಗೆ ತಿನ್ನಲೂ ಅಲ್ಲದೆ ಮಾರಲೂ ಅಲ್ಲದೆ, ತೂಕ ನೋಡಿ ಬಿಟ್ಟುಬಿಡುವುದಕ್ಕಾಗಿಯೇ ಮೀನು ಹಿಡಿಯುವ ಮತ್ತು ಅದಕ್ಕಾಗಿ ಸಾಲ ಮಾಡಿ ದೋಣಿ ಕೊಳ್ಳುವ ಪರಂಪರೆಯೊಂದು ಬೇರೂರಿತು.

ಜೋಡಿ ಸ್ಪರ್ಧೆಯ ಎಲ್ಲ ತಾತ್ತ್ವಿಕ ಸಮಸ್ಯೆಗಳ ಮೂಲ ದೋಣಿಯ ರಚನೆಯಲ್ಲೇ ಇದೆ. ಮುಂಭಾಗದಲ್ಲಿ ನಿಂತವನ ಕಾಲಡಿ ಟ್ರೋಲಿಂಗ್ ಮೋಟಾರಿನ, ಅಂದರೆ ಬ್ಯಾಟರಿಯಿಂದ ಸದ್ದಿಲ್ಲದೆ ತಿರುಗಿ ದೋಣಿಯನ್ನು ಮೆಲ್ಲಗೆ ಸರಿಸುವ ಯಂತ್ರದ, ಪೆಡಲ್ ಇರುತ್ತದೆ. ಪೆಡಲ್ ಯಾರ ಕಾಲಡಿಯೋ ರಾಜ್ಯ ಅವರದು. ಮುಳುಗಿದ ದಿಮ್ಮಿಯಾಗಲಿ, ಜೊಂಡಿನ ಅಂಚಾಗಲಿ ಮೊದಲು ಎದುರಾಗುವುದು ಮುಂದಿನವನ ಗಾಳಕ್ಕೆ; ಹಿಂದಿನವನ ಪಾಲಿಗೆ ಉಳಿಯುವುದು ಆಗಲೇ ಒಮ್ಮೆ ಎಚ್ಚೆತ್ತುಕೊಂಡ ನೀರು. ದೋಣಿಯ ಮುಂದೆ ನೀರೊಳಗೆ ಸುಳಿಯುವ ಮೀನನ್ನು ಆ ಕ್ಷಣವೇ ಪರದೆಯ ಮೇಲೆ ತೋರಿಸುವ ಸೋನಾರ್ ಉಪಕರಣವನ್ನು ಗಾರ್ಮಿನ್ ಕಂಪನಿ 2018ರಲ್ಲಿ ಮಾರುಕಟ್ಟೆಗೆ ತಂದ ಬಳಿಕ ಈ ಅಸಮಾನತೆ ಇನ್ನಷ್ಟು ಬಲಿತಿದೆ: ಮೊದಲು ಹಿಂದಿನವನು ಮುಂದಿನವನು ಮೀನು ಹಿಡಿಯುವುದನ್ನು ನೋಡುತ್ತ ನಿಲ್ಲಬೇಕಿತ್ತು, ಈಗ ಅವನು ಪರದೆ ನೋಡುವುದನ್ನು ನೋಡುತ್ತ ನಿಲ್ಲಬೇಕು.

ಋತುಮಾನವು ಭಿನ್ನಾಭಿಪ್ರಾಯಕ್ಕೆ ವೈಜ್ಞಾನಿಕ ಆಧಾರವನ್ನು ಒದಗಿಸುತ್ತದೆ. ವಸಂತದಲ್ಲಿ ನೀರು ಸುಮಾರು 16 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾಗುತ್ತಿದ್ದಂತೆ ಬಾಸ್ ಮೊಟ್ಟೆಯಿಡಲು ದಡದ ತೆಳುನೀರಿಗೆ ಬರುತ್ತದೆ ಮತ್ತು ಗಂಡು ಮೀನು ಬಾಲದಿಂದ ನೆಲ ಗುಡಿಸಿ ಗೂಡು ಮಾಡಿ ಕಾವಲು ನಿಲ್ಲುತ್ತದೆ; ಬೇಸಿಗೆಯಲ್ಲಿ ಬಹಳಷ್ಟು ಮೀನುಗಳು ಆಳಕ್ಕಿಳಿಯುತ್ತವೆ; ಶರತ್ಕಾಲದಲ್ಲಿ ಸಣ್ಣ ಮೀನಿನ ಹಿಂಡುಗಳನ್ನು ಬೆನ್ನಟ್ಟಿ ಕೊಲ್ಲಿಗಳಿಗೆ ನುಗ್ಗುತ್ತವೆ. ಮೀನು ಹೀಗೆ ಋತುವಿಗೆ ತಕ್ಕಂತೆ ನೆಲೆ ಬದಲಿಸಿದರೂ ಮನುಷ್ಯನ ಅಭಿಪ್ರಾಯ ಬದಲಾಗುವುದಿಲ್ಲ. ದಡವೇ ಸರಿ ಎನ್ನುವವನು ಆಗಸ್ಟ್ ತಿಂಗಳಲ್ಲೂ ದಡವನ್ನೇ ಬಯಸುತ್ತಾನೆ, ಅವನ ಜೊತೆಗಾರ ಏಪ್ರಿಲ್‌ನಲ್ಲೂ ಆಳದ ಪಕ್ಷಪಾತಿ. ಈ ಇಬ್ಬರೂ ರಾಜಿಯಾಗಿ ಸಾಧಾರಣ ಆಳದ, ಮೀನೇ ಇಲ್ಲದ ನೀರಿನಲ್ಲಿ ಬೆಳಗಿನ ಹೊತ್ತನ್ನು ಕಳೆಯುವುದು ಜೋಡಿ ಸ್ಪರ್ಧೆಯ ಬಹು ಪ್ರಚಲಿತ ತಂತ್ರ.

ಇಬ್ಬರ ಪಾಲೂ ಸೇರಿ ತೂಕಕ್ಕೆ ಸಲ್ಲುವುದು ಸಾಮಾನ್ಯವಾಗಿ ಐದೇ ಮೀನು. ಆರನೆಯದು ಸಿಕ್ಕಾಗ ಅತಿ ಹಗುರವಾದುದನ್ನು ನೀರಿಗೆ ಬಿಡಬೇಕಾದ್ದರಿಂದ, ಲೈವ್‌ವೆಲ್ ಎಂಬ, ಪಂಪಿನಿಂದ ಗಾಳಿ ಆಡುವ ತೊಟ್ಟಿಯಲ್ಲಿ ಪ್ರತಿ ಮೀನಿನ ತುಟಿಗೂ ಒಂದೊಂದು ಬಣ್ಣದ ಬಿಲ್ಲೆ ಸಿಕ್ಕಿಸಿರುತ್ತಾರೆ. ಕೆಂಪು ಬಿಲ್ಲೆಯದು ಹಗುರವೋ ಹಳದಿಯದೋ ಎಂದು ಚರ್ಚೆ ನಡೆಯುತ್ತಿರುವಾಗ ಮೀನುಗಳು ಮದುವೆಮನೆಯಲ್ಲಿ ಬ್ಯಾಡ್ಜ್ ಧರಿಸಿದ ಸ್ವಾಗತ ಸಮಿತಿಯವರಂತೆ ಗಂಭೀರವಾಗಿ ಓಡಾಡುತ್ತಿರುತ್ತವೆ. ಗಾಳಕ್ಕೆ ಸಿಕ್ಕ ಮೀನನ್ನು ಮೇಲೆತ್ತಲು ಕೈಬಲೆ ಹಿಡಿಯುವುದು ಜೊತೆಗಾರನ ಕರ್ತವ್ಯ. ಮೀನು ದೋಣಿಯ ಪಕ್ಕಕ್ಕೆ ಬಂದು, ನೀರಿನಿಂದ ಮೇಲೆ ಚಿಮ್ಮಿ, ತಲೆ ಕೊಡವಿ, ಕೊಕ್ಕೆಯನ್ನು ಉಗುಳಿ ಮರೆಯಾದರೆ, ಬಲೆ ತಡವಾಯಿತೆಂದು ಕೋಲು ಹಿಡಿದವನೂ ದಾರ ಸಡಿಲವಾಯಿತೆಂದು ಬಲೆ ಹಿಡಿದವನೂ ಬಲ್ಲರು. ಬಾಯಿ ಬಿಟ್ಟು ಹೇಳುವುದು ಮಾತ್ರ ‘ಪರವಾಗಿಲ್ಲ ಬಿಡು’ ಎಂದು. ಆ ಮಾತಿನ ಬಳಿಕ ಸುಮಾರು ಒಂದು ಗಂಟೆಯವರೆಗೆ ದೋಣಿಯಲ್ಲಿ ಪಂಪಿನ ಸದ್ದನ್ನು ಬಿಟ್ಟರೆ ಬೇರೆ ಸದ್ದಿರುವುದಿಲ್ಲ.

ಸತ್ಯಸಂಧತೆಯ ವಿಷಯದಲ್ಲಿ ಈ ಕ್ರೀಡೆ ಎರಡು ಭಿನ್ನ ನೀತಿಗಳನ್ನು ಪಾಲಿಸುತ್ತದೆ. ಸ್ಪರ್ಧೆಗೆ ಮುನ್ನ ಮೀನು ಎಲ್ಲಿದೆ ಎಂದು ಕೇಳಿದವರಿಗೆ ತಪ್ಪು ದಾರಿ ತೋರಿಸುವುದು ಶಿಷ್ಟಾಚಾರ. ಸ್ಪರ್ಧೆ ಮುಗಿದ ಮೇಲೆ ಗೆದ್ದವರನ್ನು ಸುಳ್ಳುಪತ್ತೆ ಯಂತ್ರದ ಮುಂದೆ ಕೂರಿಸುವ ಹಕ್ಕನ್ನು ಅನೇಕ ಸಂಘಟಕರು ನಿಯಮದಲ್ಲೇ ಕಾಯ್ದಿರಿಸಿಕೊಂಡಿರುತ್ತಾರೆ. ಜಾರ್ಜಿಯದಲ್ಲಿ 1932ರಲ್ಲಿ ಜಾರ್ಜ್ ಪೆರ್‍ರಿ ಹಿಡಿದ 22 ಪೌಂಡ್ 4 ಔನ್ಸ್‌ನ, ಅಂದರೆ ಸುಮಾರು 10 ಕಿಲೋ ತೂಕದ ಮೀನಿನ ವಿಶ್ವದಾಖಲೆಯನ್ನು 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಸರಿಗಟ್ಟಿದ ಮನಾಬು ಕುರಿತಾ ಕೂಡ ಆ ಯಂತ್ರದ ಮುಂದೆ ಕುಳಿತು ಪಾಸಾಗಬೇಕಾಯಿತು. 2022ರಲ್ಲಿ ಈರೀ ಸರೋವರದ, ವಾಲೈ ಎಂಬ ಬೇರೊಂದು ಮೀನಿನ ಜೋಡಿ ಸ್ಪರ್ಧೆಯೊಂದರಲ್ಲಿ ಅನುಮಾನಗೊಂಡ ಸಂಘಟಕರು ಗೆದ್ದ ಮೀನುಗಳ ಹೊಟ್ಟೆ ಸೀಳಿದಾಗ ಸೀಸದ ಗುಂಡುಗಳೂ ಬೇರೆ ಮೀನಿನ ಮಾಂಸದ ತುಂಡುಗಳೂ ಹೊರಬಿದ್ದವು. ತಪ್ಪೊಪ್ಪಿಕೊಂಡ ಇಬ್ಬರಿಗೂ ಹತ್ತು ದಿನಗಳ ಜೈಲುವಾಸವಾಗಿ, ದೋಣಿಯೂ ಕೈಬಿಟ್ಟಿತು. ಒಂದೇ ದೋಣಿಯ ಇಬ್ಬರು ಪೂರ್ತಿ ಒಮ್ಮತದಿಂದ ನಡೆದುಕೊಂಡರೆ ಸಂಘಟಕರು ಎಚ್ಚರ ವಹಿಸುವುದು ಒಳ್ಳೆಯದೆಂಬ ಪಾಠವನ್ನೂ ಈ ಪ್ರಕರಣದಿಂದ ಕಲಿಯಬಹುದು.

ಇಷ್ಟಾದರೂ ಜೋಡಿಗಳು ಒಡೆಯದಿರಲು ಅಂಕಪದ್ಧತಿಯೇ ಮುಖ್ಯ ಕಾರಣ. ಪ್ರತಿ ಸ್ಪರ್ಧೆಯ ಸ್ಥಾನಕ್ಕೆ ತಕ್ಕಂತೆ ಜೋಡಿಯ ಹೆಸರಿಗೆ ಅಂಕ ಜಮೆಯಾಗುತ್ತ ಹೋಗಿ, ಋತುವಿನ ಕೊನೆಯ ದೊಡ್ಡ ಸ್ಪರ್ಧೆಗೆ ಅರ್ಹತೆ ನಿರ್ಧಾರವಾಗುವುದರಿಂದ, ಏಪ್ರಿಲ್‌ನಲ್ಲಿ ಹುಟ್ಟಿದ ಮುನಿಸನ್ನು ಅಕ್ಟೋಬರ್‌ವರೆಗೆ ಮುಂದೂಡುವುದು ಲೆಕ್ಕಾಚಾರದ ದೃಷ್ಟಿಯಿಂದ ಲಾಭದಾಯಕ. ಅಕ್ಟೋಬರ್ ಕಳೆದ ಮೇಲೂ ಅವರು ಬೇರೆಯಾಗದಿರುವುದಕ್ಕೆ ಕಾರಣ ಬೇರೆ: ಬಲೆಯ ಅಂಚಿನಿಂದ ತಪ್ಪಿಸಿಕೊಂಡ ಮೀನನ್ನು ತೂಗಿದವರಿಲ್ಲ, ಕಂಡವನು ಜಗತ್ತಿನಲ್ಲಿ ಜೊತೆಗಾರನೊಬ್ಬನೇ. ಆ ಏಕೈಕ ಸಾಕ್ಷಿಯ ಜೊತೆ ಕೆಡಿಸಿಕೊಂಡರೆ ಏಳು ಪೌಂಡಿನ ಮೀನು ಊರವರ ಬಾಯಲ್ಲಿ ಮೂರು ಪೌಂಡಿಗೆ ಇಳಿಯುವ ಅಪಾಯವಿರುವುದರಿಂದ, ಮರುವರ್ಷದ ಪ್ರವೇಶ ಶುಲ್ಕವನ್ನು ಇಬ್ಬರೂ ಸಮಪಾಲು ಹಾಕಿ, ಕೊನೆಯ ದಿನಾಂಕಕ್ಕೆ ಬಹಳ ಮುಂಚೆಯೇ ಕಟ್ಟಿಬಿಡುತ್ತಾರೆ.